ಚೆಂಡು ಕಚ್ಚಿದರೆ ಸುಮ್ಮನಿರಬೇಡಿ

ಎಲ್ಲಿ, ಕೈ ಚಾಚಿ ನೋಡೋಣ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳಬೇಡಿ, ನಾನು ನೋಡಬೇಕಾಗಿರುವುದೇ ಅದನ್ನು. ಬುಡದಲ್ಲಿ ಕೆಂಪು ಗೀರು, ಗಿಣ್ಣಿನ ಮೇಲೆ ಮೆಣಸಿನ ಕಾಳಿನಷ್ಟು ಜಡ್ಡು, ಉಂಗುರಬೆರಳಿನ ತುದಿಯಲ್ಲಿ ಒಡೆದ ಬೊಬ್ಬೆ, ಅದರ ಮೇಲೊಂದು ಮಾಸಿದ ಬ್ಯಾಂಡೇಜು. ಏನಾಯಿತು ಎಂದರೆ "ಏನಿಲ್ಲ ಆಂಟಿ, ನಿನ್ನೆ ಬೌಲಿಂಗಿಗೆ ಹೋಗಿದ್ವಿ" ಅನ್ನುತ್ತೀರಿ. ಏನಿಲ್ಲವಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೇ?

ಹೊಸ ಚಪ್ಪಲಿ ಕಚ್ಚಿದರೆ ಎರಡೇ ದಿನಕ್ಕೆ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತೀರಿ. ರವಿಕೆಯ ತೋಳು ಅರ್ಧ ಅಂಗುಲ ಬಿಗಿಯಾದರೆ ಟೈಲರಿಗೆ ನಾಲ್ಕು ಸಲ ಫೋನ್ ಮಾಡುತ್ತೀರಿ. ಚೆಂಡು ಕಚ್ಚಿದಾಗ ಮಾತ್ರ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಆಡುತ್ತೀರಿ. ಆಟ ಅಂದಮೇಲೆ ನೋವು ಇದ್ದದ್ದೇ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದೀರಿ. ಮೂರು ಆಟ ಆಡಿದ ಮೇಲೆ ತೋಳು ದಣಿಯಬಹುದು, ತೊಡೆ ಹಿಡಿದುಕೊಳ್ಳಬಹುದು, ಅದು ಬೇರೆ. ಬೆರಳಿನ ಚರ್ಮ ಕಿತ್ತು ಬರುವುದು, ಗಿಣ್ಣು ಊದುವುದು, ಹೆಬ್ಬೆರಳಿಗೆ ಜೋಮು ಹಿಡಿಯುವುದು ಆಟದಿಂದಲ್ಲ. ನಿಮ್ಮ ಕೈಗೆ ಕೂರದ ಚೆಂಡಿನಿಂದ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೌಲಿಂಗ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ. ಅವರ ಬೆರಳುಗಳ ಕಥೆ ಬೇರೆ. ನಾನು ಹೇಳುತ್ತಿರುವುದು 60 ಅಡಿ ಆಚೆ ನಿಂತಿರುವ ಹತ್ತು ಪಿನ್‌ಗಳಿಗೆ ಮೂರು ತೂತಿನ ಭಾರದ ಚೆಂಡನ್ನು ಉರುಳಿಸುವ ಆಟದ ಮಾತು. ಬೆಂಗಳೂರಿನ ಮಾಲುಗಳಲ್ಲಿ ನೀವು ಹುಟ್ಟುಹಬ್ಬಕ್ಕೋ ಆಫೀಸಿನ ಪಾರ್ಟಿಗೋ ಆಡಲು ಹೋಗುತ್ತೀರಿ. ಇಲ್ಲಿ ಮಿಷಿಗನ್ನಿನಲ್ಲಿ ನಮಗೆ ಚಳಿಗಾಲ ಕಳೆಯಲು ಇದೇ ದಾರಿ. ಸೆಪ್ಟೆಂಬರಿನಿಂದ ಏಪ್ರಿಲ್ ತನಕ ಪ್ರತಿ ಗುರುವಾರ ರಾತ್ರಿ ಲೀಗ್. ನಮ್ಮ ಗುಂಪಿನಲ್ಲಿ ಹಾಸನದವರು, ಶಿರಸಿಯವರು, ದಾವಣಗೆರೆಯವರು ಎಲ್ಲ ಇದ್ದೇವೆ. ಹೊಸದಾಗಿ ಸೇರಿದವರೆಲ್ಲ ಮೊದಲ ತಿಂಗಳು ಬೆರಳು ಊದಿಕೊಳ್ಳುತ್ತಲೇ ಬರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅದಕ್ಕೇ ಈ ಮಾತು.

ಮೊದಲು ಒಂದು ಲೆಕ್ಕ ಹಾಕಿ. ಒಂದು ಆಟಕ್ಕೆ ಹತ್ತು ಸರದಿ. ಮೊದಲ ಎಸೆತಕ್ಕೇ ಹತ್ತೂ ಪಿನ್ ಬಿದ್ದರೆ ಆ ಸರದಿ ಮುಗಿಯಿತು, ಬೀಳದಿದ್ದರೆ ಎರಡನೆಯ ಸಲ ಎಸೆಯಬೇಕು. 300ಕ್ಕೆ 300 ಗಳಿಸುವ ಮಹಾನುಭಾವರು ಇಡೀ ಆಟದಲ್ಲಿ ಹನ್ನೆರಡೇ ಸಲ ಎಸೆಯುತ್ತಾರೆ. ನಿಮ್ಮಂಥವರು, ನನ್ನಂಥವರು ಹದಿನೆಂಟು ಇಪ್ಪತ್ತು ಸಲ. ಕಡಿಮೆ ಬರುವವರಿಗೇ ಕೂಲಿ ಜಾಸ್ತಿ, ಏನು ಮಾಡೋದು! ಮೂರು ಆಟಕ್ಕೆ 55 ಸಲ ಎಂದಿಟ್ಟುಕೊಳ್ಳಿ. 12 ಪೌಂಡಿನ ಚೆಂಡು ಹತ್ತಿರಹತ್ತಿರ ಐದೂವರೆ ಕಿಲೋ. ಗುಣಿಸಿದರೆ 300 ಕಿಲೋ. ಅಂದರೆ 50 ಕಿಲೋದ ಆರು ಮೂಟೆ ಅಕ್ಕಿಯನ್ನು ಒಂದು ಸಂಜೆಯಲ್ಲಿ ಮೂರು ಬೆರಳಿಗೆ ನೇತುಹಾಕಿಕೊಂಡು ತೂಗಾಡಿಸಿದ್ದೀರಿ. ನಿಯಮದ ಪ್ರಕಾರ ಚೆಂಡು 16 ಪೌಂಡಿನವರೆಗೆ ಇರಬಹುದು. ಅದು ಏಳೂಕಾಲು ಕಿಲೋ, ಅಡುಗೆಮನೆಯ ಸಿಲಿಂಡರಿನಲ್ಲಿ ತುಂಬುವ ಗ್ಯಾಸಿನ ಅರ್ಧದಷ್ಟು. ಇಷ್ಟು ಭಾರ ತೂಗಾಡುವಾಗ ತೂತಿನ ಅಂಚು ಕೂದಲೆಳೆಯಷ್ಟು ತಪ್ಪಾಗಿದ್ದರೂ ಅದು 55 ಸಲ ಅದೇ ಜಾಗವನ್ನು ಉಜ್ಜುತ್ತದೆ. ಹಗ್ಗ ಉಜ್ಜಿ ಬಾವಿಯ ಕಲ್ಲೇ ಸವೆಯುತ್ತದೆ, ಇನ್ನು ಬೆರಳು ಯಾವ ಲೆಕ್ಕ?

ನಾನೇನು ಹುಟ್ಟುತ್ತಲೇ ಜಾಣೆಯಾಗಿರಲಿಲ್ಲ. ನನ್ನ ಮೊದಲ ಚೆಂಡನ್ನು ಪಕ್ಕದ ಬೀದಿಯಲ್ಲಿ ಮನೆ ಮುಂದೆ ಹಳೆ ಸಾಮಾನು ಮಾರುತ್ತಿದ್ದವರಿಂದ ಐದು ಡಾಲರಿಗೆ ತಂದೆ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ ನಮ್ಮದು, ಐದು ಡಾಲರ್ ಅಂದರೆ ಪುಕ್ಕಟೆಯೇ ತಾನೆ? ಕಡುನೀಲಿ ಬಣ್ಣ, ಒಳ್ಳೆ ಮಿರುಗು. ಮೇಲೆ ಯಾವನೋ ಪುಣ್ಯಾತ್ಮನ ಹೆಸರು ಕೆತ್ತಿತ್ತು. ನಮ್ಮೆಜಮಾನರು ನಗೆಯಾಡಿದರು, ಎರಡು ವರ್ಷ ಬೇರೆ ಗಂಡಸಿನ ಹೆಸರು ಹಿಡಿದುಕೊಂಡು ಓಡಾಡಿದ್ದೀಯ ಎಂದು. ಆ ಮನುಷ್ಯನ ಹೆಬ್ಬೆರಳು ನನ್ನದಕ್ಕಿಂತ ದಪ್ಪ, ಅಂಗೈ ನನ್ನದಕ್ಕಿಂತ ಅಗಲ. ತೂತಿನೊಳಗೆ ನನ್ನ ಬೆರಳು ಒನಕೆ ತೆಗೆದ ಒರಳಿನಲ್ಲಿ ಕಡ್ಡಿ ಇಟ್ಟಂತೆ ಆಡುತ್ತಿತ್ತು. ಸಡಿಲ ಇದೆಯಲ್ಲ, ಸುಖವಾಗಿಯೇ ಇದೆ ಅಂದುಕೊಂಡೆ.

ಎರಡನೆಯ ವರ್ಷದ ದೀಪಾವಳಿಗೆ ಗ್ಯಾರೇಜಿನ ಮುಂದೆ ರಂಗೋಲಿ ಬಿಡಲು ಕೂತೆ. ಎಳೆ ತುಂಡು ತುಂಡಾಗಿ ಬೀಳುತ್ತಿತ್ತು. ಪುಡಿ ತೇವವಾಗಿದೆ ಎಂದು ಬೇರೆ ಪುಡಿ ತಂದೆ, ಅದೂ ಹಾಗೆಯೇ. ಆಮೇಲೆ ಗೊತ್ತಾಯಿತು, ಹೆಬ್ಬೆರಳಿನ ಒಳಬದಿಗೆ, ಅಂದರೆ ತೋರುಬೆರಳಿಗೆ ಎದುರಾಗಿರುವ ಬದಿಗೆ, ಪುಡಿಯ ಸ್ಪರ್ಶವೇ ಆಗುತ್ತಿರಲಿಲ್ಲ. ಉಪ್ಪು ಚಿಟಿಕೆ ಹಿಡಿದರೆ ಎಷ್ಟು ಹಿಡಿದೆ ಎಂದು ತಿಳಿಯದು. ಬುಡದಲ್ಲಿ ಒತ್ತಿದರೆ ಚಿಕ್ಕ ಗಂಟು, ಮುಟ್ಟಿದರೆ ಕರೆಂಟು ಹೊಡೆದ ಹಾಗೆ ಬೆರಳ ತುದಿವರೆಗೆ ಜುಮ್ಮೆನ್ನುತ್ತಿತ್ತು. ಡಾಕ್ಟರು ಕೈ ನೋಡಿ ಮೊದಲು ಕೇಳಿದ ಪ್ರಶ್ನೆ ನೀವು ಬೌಲಿಂಗ್ ಆಡುತ್ತೀರಾ ಎಂದು. ಈ ಕಾಯಿಲೆಗೆ ಹೆಸರೇ ಬೌಲರ್ಸ್ ಥಂಬ್. ಹೆಬ್ಬೆರಳಿನ ಆ ಬದಿಯಲ್ಲಿ ಚರ್ಮದ ಕೆಳಗೇ ಒಂದು ಸಣ್ಣ ನರ ಹೋಗುತ್ತದೆ. ತೂತಿನ ಅಂಚು ಅದನ್ನು ಮತ್ತೆ ಮತ್ತೆ ಒತ್ತಿದರೆ ನರದ ಸುತ್ತ ನಾರು ಬೆಳೆದು ಗಟ್ಟಿಯಾಗುತ್ತದೆ. ಸಕಾಲದಲ್ಲಿ ಆಟ ನಿಲ್ಲಿಸಿ ಚೆಂಡು ಸರಿಮಾಡಿಸಿಕೊಂಡರೆ ಬಹಳ ಮಂದಿಗೆ ತಾನಾಗಿ ಇಳಿಯುತ್ತದೆ. ಹಟ ಹಿಡಿದು ಆಡಿದವರಲ್ಲಿ ಕೆಲವರಿಗೆ ಕೊಯ್ಯಿಸಿಕೊಳ್ಳುವ ಗತಿ ಬಂದಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನು ನಾಲ್ಕು ತಿಂಗಳು ಚೆಂಡು ಮುಟ್ಟಲಿಲ್ಲ. ಯುಗಾದಿಯ ರಂಗೋಲಿಗೆ ಎಳೆ ಮತ್ತೆ ಕೂಡಿತು.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಅತ್ತೆ ಮನೆಗೆ, ಆಫೀಸಿಗೆ. ಬೆರಳಿಗಲ್ಲ.

ಡಾಕ್ಟರು ಹೇಳಿದ ಮೇಲೆ ಬೌಲಿಂಗ್ ಅಂಗಳದ ಹಿಂಬದಿಯಲ್ಲಿದ್ದ ಪ್ರೋ ಶಾಪಿಗೆ ಹೋದೆ. ಚೆಂಡು ಮಾರುವುದು, ಅದಕ್ಕೆ ತೂತು ಕೊರೆಯುವುದು ಅವರ ಕಸುಬು. ವಯಸ್ಸಾದ ಮನುಷ್ಯ. ನನ್ನ ಚೆಂಡನ್ನು ತೆಗೆದು ಮೇಜಿನ ಮೇಲಿಟ್ಟರೆ ಅದರ ಕಡೆ ತಿರುಗಿಯೂ ನೋಡಲಿಲ್ಲ, ಕೈ ಕೊಡಿ ಎಂದರು. ಬೆರಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿ, ಗಿಣ್ಣು ಒತ್ತಿ, ಜಡ್ಡು ಎಲ್ಲೆಲ್ಲಿ ಕಟ್ಟಿದೆ ಎಂದು ಓದಿದರು. ನಮ್ಮೂರ ಜಾತ್ರೆಯ ಬಳೆಗಾರನೇ ನೆನಪಾದ. ಅವನೂ ಹಾಗೆಯೇ, ಮಲಾರ ಬಿಚ್ಚುವ ಮೊದಲು ಕೈ ಹಿಸುಕಿ ನೋಡುತ್ತಿದ್ದ. ನೀವು ಎರಡು ಆರು ಎಂದು ಹಟ ಮಾಡಿದರೂ ಅವನು ಕೊಡುತ್ತಿದ್ದದ್ದು ಎರಡು ಎಂಟೇ, ಮತ್ತು ಅವನು ಹೇಳಿದ್ದೇ ಸರಿಯಾಗುತ್ತಿತ್ತು. ಬಳೆಯ ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಇಂಚಿನ ಎಂಟನೆಯ ಒಂದು ಭಾಗದ ವ್ಯತ್ಯಾಸ. ಚೆಂಡಿನ ತೂತಿನದು ಅದಕ್ಕಿಂತ ನಾಜೂಕು, ಇಂಚಿನ 64ನೆಯ ಒಂದು ಭಾಗದಷ್ಟು ಹೆಚ್ಚುಕಡಿಮೆಗೂ ಅಲ್ಲಿ ಬೇರೆ ಬಿಟ್ ಇರುತ್ತದೆ.

ಐದು ಬೆರಳೂ ಒಂದೇ ಸಮ ಇರುತ್ತವೆಯೇ? ನಡುಬೆರಳಿಗೆ ಒಂದು ತೂತು, ಉಂಗುರಬೆರಳಿಗೆ ಇನ್ನೊಂದು, ಎರಡರ ಅಳತೆಯೂ ಬೇರೆ, ಹೆಬ್ಬೆರಳಿನಿಂದ ಎರಡರ ದೂರವೂ ಬೇರೆ. ಈ ದೂರಕ್ಕೆ ಸ್ಪ್ಯಾನ್ ಎನ್ನುತ್ತಾರೆ. ಇದರ ಮೇಲೆ ತೂತು ಯಾವ ಕಡೆಗೆ ವಾಲಿಕೊಂಡು ಇಳಿಯಬೇಕು ಎಂಬುದೂ ಇದೆ. ನೆಟ್ಟಗೆ ಚೆಂಡಿನ ನಡುಮಧ್ಯಕ್ಕೆ ಕೊರೆಯುವುದಿಲ್ಲ, ನಿಮ್ಮ ಬೆರಳು ಎಷ್ಟು ಬಾಗುತ್ತದೋ ಅದಕ್ಕೆ ತಕ್ಕಂತೆ ಮುಂದಕ್ಕೋ ಹಿಂದಕ್ಕೋ ಪಕ್ಕಕ್ಕೋ ಓರೆ ಮಾಡುತ್ತಾರೆ. ಅದಕ್ಕೆ ಪಿಚ್ ಎಂದು ಹೆಸರು. ಕೊನೆಗೆ ತೂತಿನ ಬಾಯಿಯ ಚೂಪು ಅಂಚನ್ನು ಉಜ್ಜಿ ದುಂಡಗೆ ಮಾಡಬೇಕು. ಅಳತೆ, ದೂರ, ಓರೆ, ಅಂಚು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ನೋವು ಬೆರಳಿಗೆ. ಅದಕ್ಕೇ ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯ ಭಯದಿಂದ ಸುಮ್ಮನಿರಬೇಡಿ. ಇಲ್ಲಿ ಎಷ್ಟೋ ಸಲ ನೆಲವೇ ಡೊಂಕು.

ನಿಮ್ಮಲ್ಲಿ ಹತ್ತಕ್ಕೆ ಎಂಟು ಜನ ಮಾಡುವ ತಪ್ಪು ನಾನು ಮಾಡಿದ್ದೇ. ಬಿಗಿ ಇದ್ದರೆ ನೋವು, ಸಡಿಲ ಇದ್ದರೆ ಸುಖ ಎಂದುಕೊಳ್ಳುವುದು. ಬಳೆಗೆ ಅದು ಸರಿ, ಚೆಂಡಿಗೆ ತಲೆಕೆಳಗು. ಹೆಬ್ಬೆರಳಿನ ತೂತು ಸಡಿಲವಾದರೆ ಚೆಂಡು ಜಾರಿ ಬಿದ್ದೀತು ಎಂದು ಕೈಗೆ ಭಯ. ನಿಮಗೆ ತಿಳಿಯದಂತೆ ಬೆರಳು ಒಳಗೆ ಮಡಿಸಿಕೊಂಡು ಗೋಡೆಯನ್ನು ಒತ್ತುತ್ತದೆ. ಬಾವಿಗೆ ಇಳಿದವನು ಗೋಡೆಗೆ ಮೊಣಕಾಲು ಕೊಟ್ಟು ನಿಲ್ಲುವ ಹಾಗೆ. ಗಿಣ್ಣಿನ ಹಿಂಬದಿಯ ಚರ್ಮ ಸುಲಿಯುವುದು, ಅಲ್ಲಿ ಜಡ್ಡು ಕಟ್ಟುವುದು, ಉಗುರಿನ ಬಳಿ ನೋಯುವುದು ಎಲ್ಲ ಈ ಹಿಸುಕುವಿಕೆಯಿಂದ. ಮುಂಗೈ ಸೆಳೆತವೂ ಅದರದೇ ಮರಿ. ಸರಿಯಾದ ತೂತಿನಲ್ಲಿ ಬೆರಳು ಸುತ್ತಲೂ ಗೋಡೆಗೆ ಮೆಲ್ಲಗೆ ತಾಗಬೇಕು, ಒಳಗೇ ತಿರುಗಿಸಿದರೆ ಸ್ವಲ್ಪ ಉಜ್ಜಿದ ಹಾಗೆ ಆಗಬೇಕು, ಆದರೆ ಎಳೆದರೆ ತಡೆಯದೆ ಹೊರಗೆ ಬರಬೇಕು. ಕೈ ಜೋತುಬಿಟ್ಟು ಚೆಂಡನ್ನು ನಿಧಾನವಾಗಿ ಹಿಂದೆ ಮುಂದೆ ತೂಗಿ ನೋಡಿ. ಹಿಸುಕದೆ ನಿಲ್ಲುತ್ತದೆಯೋ? ನಿಂತರೆ ಸರಿ. ಹಾಗೆಂದು ಅತಿ ಬಿಗಿಯೂ ಬೇಡ. ಬಿಡುವ ಹೊತ್ತಿಗೆ ಹೆಬ್ಬೆರಳು ಮೊದಲು ಹೊರಬರಬೇಕು, ಆಮೇಲೆ ಉಳಿದೆರಡು. ಹೆಬ್ಬೆರಳು ಸಿಕ್ಕಿಕೊಂಡರೆ ಚೆಂಡು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಬುಡದ ಕೀಲು ಉಳುಕುತ್ತದೆ.

ಸ್ಪ್ಯಾನ್ ಉದ್ದವಾದರೆ ಅಂಗೈ ಹಿಗ್ಗಿಸಿದ ರಬ್ಬರಿನಂತಾಗುತ್ತದೆ. ಹೆಬ್ಬೆರಳಿನ ಬುಡಕ್ಕೆ ತೂತಿನ ಅಂಚು ಕೊರೆಯುತ್ತದೆ, ಉಂಗುರಬೆರಳಿನ ಒಳಗಿನ ಹುರಿ ಸೆಳೆಯುತ್ತದೆ. ಗಿಡ್ಡವಾದರೆ ಅಂಗೈ ಚೆಂಡಿನಿಂದ ಮೇಲೆದ್ದು ಕೋಳಿಕಾಲಿನ ಹಾಗೆ ಹಿಡಿಯುತ್ತೀರಿ, ಮತ್ತೆ ಅದೇ ಹಿಸುಕಾಟ. ಆಟದ ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಒಂದು ನಿಮಿಷ ಕೈ ನೋಡಿಕೊಳ್ಳಿ. ನೋವು ಎಲ್ಲಿದೆ? ಬುಡದಲ್ಲೋ, ಗಿಣ್ಣಿನ ಬೆನ್ನಿಗೋ, ತುದಿಯಲ್ಲೋ? ಬಾಲ್‌ಪೆನ್ನಿನಲ್ಲಿ ಅಲ್ಲೊಂದು ಚುಕ್ಕೆ ಇಟ್ಟುಕೊಂಡು ಅಂಗಡಿಗೆ ಹೋಗಿ. ಕಸುಬು ಬಲ್ಲವರಿಗೆ ಆ ಚುಕ್ಕೆ ಸಾಕು.

ಸ್ವಂತ ಚೆಂಡು ಇಲ್ಲ, ಮಾಲಿಗೆ ಹೋಗಿ ಅಲ್ಲಿದ್ದದ್ದನ್ನೇ ಎತ್ತುತ್ತೇವೆ ಅನ್ನುವವರಿಗೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಇಟ್ಟಿರುವ ಚೆಂಡು ಊರಿಗೆಲ್ಲ ಒಂದೇ ಅಂಗಿ ಹೊಲಿಸಿದ ಹಾಗೆ. ಯಾರ ಕೈಗೂ ಸರಿಯಾಗಿ ಕೂರದು, ಕಡಿಮೆ ಕಚ್ಚುವುದನ್ನು ಹುಡುಕಿಕೊಳ್ಳಬೇಕು ಅಷ್ಟೆ. ಬಣ್ಣ ನೋಡಿ ಎತ್ತಬೇಡಿ. ಮೇಲೆ ಬರೆದಿರುವ ಸಂಖ್ಯೆ ಪೌಂಡ್ ಲೆಕ್ಕ. ಮೈತೂಕದ ಹತ್ತನೆಯ ಒಂದು ಭಾಗ ಎಂಬ ಹಳೆಯ ಲೆಕ್ಕವಿದೆ, 60 ಕಿಲೋದವರಿಗೆ 6 ಕಿಲೋ, ಅಂದರೆ 13 ಪೌಂಡ್. ನನ್ನನ್ನು ಕೇಳಿದರೆ ಅಪರೂಪಕ್ಕೆ ಆಡುವವರು ಅದಕ್ಕಿಂತ ಎರಡು ಮೂರು ಪೌಂಡ್ ಕೆಳಗೇ ಇರಿ, ಯಾಕೆಂದರೆ ಕೈಗೆ ಕೂರದ ಚೆಂಡು ಇರುವುದಕ್ಕಿಂತ ಭಾರ ಅನ್ನಿಸುತ್ತದೆ. ಇಲ್ಲೊಂದು ತೊಡಕಿದೆ. ಹಗುರ ಚೆಂಡುಗಳನ್ನು ಮಕ್ಕಳಿಗೆಂದು ಮಾಡಿರುವುದರಿಂದ ತೂತೂ ಚಿಕ್ಕದು. ಬೆರಳು ದಪ್ಪಗಿರುವ ಹೆಂಗಸರು ಎಂಟು ಪೌಂಡಿನದನ್ನು ಎತ್ತಿ, ಹೆಬ್ಬೆರಳನ್ನು ಅರ್ಧ ತುರುಕಿ, ಆಮೇಲೆ ಕಿತ್ತುಕೊಳ್ಳಲಾರದೆ ಒದ್ದಾಡುತ್ತಾರೆ. ಎರಡು ಪೌಂಡ್ ಹೆಚ್ಚಾದರೂ ಚಿಂತೆಯಿಲ್ಲ, ಬೆರಳು ಪೂರ್ತಿ ಹೋಗಿ ಸಲೀಸಾಗಿ ಬರುವಂಥದ್ದನ್ನು ಆರಿಸಿ. ಹುಡುಗರದು ಇನ್ನೊಂದು ಚಾಳಿ. ಪಕ್ಕದ ಹುಡುಗಿ ನೋಡುತ್ತಿದ್ದಾಳೆಂದು 16ರದ್ದನ್ನೇ ಎತ್ತುವುದು. ಮಾರನೆ ದಿನ ಕೀಬೋರ್ಡು ಒತ್ತಲಾಗದೆ ಕೂರುವಾಗ ಆ ಹುಡುಗಿ ಬಂದು ನೋಡುವುದಿಲ್ಲ ಮಗಾ.

ಅಳೆಯುವುದು ಹೇಗೆ ಎಂದರೆ, ಹೆಬ್ಬೆರಳನ್ನು ಪೂರ್ತಿ ಒಳಗೆ ಬಿಡಿ. ಉಳಿದೆರಡು ಬೆರಳನ್ನು ತೂತಿನೊಳಗೆ ಹಾಕದೆ ಮೇಲೆಯೇ ಚಪ್ಪಟೆಯಾಗಿ ಹಾಸಿ. ಬೆರಳಿನ ಎರಡನೆಯ ಗಿಣ್ಣಿನ ಗೆರೆ, ತೂತಿನ ನಿಮ್ಮ ಕಡೆಯ ಅಂಚನ್ನು ಕಾಲು ಇಂಚಿನಷ್ಟು ದಾಟಿರಬೇಕು. ಆಮೇಲೆ ಬೆರಳನ್ನು ಒಳಗಿಟ್ಟಾಗ ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲು ತೂರುವಷ್ಟು ಸಂದು ಇದ್ದರೆ ಸಾಕು. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಹಾಕಿಕೊಳ್ಳುವ ಬೂಟನ್ನು ಮೂರು ಸಲ ಬದಲಾಯಿಸುತ್ತೀರಲ್ಲ, ಚೆಂಡಿಗೂ ಅಷ್ಟು ತಾಳ್ಮೆ ತೋರಿಸಿ. ನಿಮಗೆ ಕೂತ ಚೆಂಡು ಸಿಕ್ಕಿತೋ, ಅದನ್ನೇ ಹಿಡಿದುಕೊಳ್ಳಿ. ಸರದಿಗೊಂದು ಚೆಂಡು ಬದಲಿಸಬೇಡಿ.

ಚೆಂಡು ವಾಪಸು ಉರುಳಿ ಬರುವ ಜಾಗದಲ್ಲಿ ತೂತಿಗೆ ಬೆರಳು ಹಾಕಿ ಎತ್ತುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಹಿಂದಿನಿಂದ ಇನ್ನೊಂದು ಬಂದು ಢಿಕ್ಕಿ ಹೊಡೆದರೆ ಬೆರಳು ಕಲ್ಲಿಗೂ ಗುಂಡಿಗೂ ನಡುವೆ ಸಿಕ್ಕ ಶುಂಠಿ. ಚೆಂಡು ಬರುವ ದಿಕ್ಕಿಗೆ ಕೈ ಕೊಡದೆ, ಎರಡೂ ಪಕ್ಕದಿಂದ ಎರಡು ಕೈಯಲ್ಲಿ ಎತ್ತಿ, ಎದೆಯ ಹತ್ತಿರ ತಂದುಕೊಂಡು ಆಮೇಲೆ ಬೆರಳು ಹಾಕಿ. ಉಂಗುರ ತೆಗೆದು ಪರ್ಸಿನೊಳಗಿಡಿ. ನಿಶ್ಚಿತಾರ್ಥದ ಉಂಗುರ, ತೆಗೆಯಬಾರದು ಎಂಬ ಸೆಂಟಿಮೆಂಟು ಬೇಡ. ಬೆರಳು ಊದಿದರೆ ಕತ್ತರಿಸಿ ತೆಗೆಯಬೇಕಾಗುತ್ತದೆ, ಆಗ ಸೆಂಟಿಮೆಂಟು ಎಲ್ಲಿ ಹೋಗುತ್ತದೆ? ಉಗುರು ಕತ್ತರಿಸಿರಲಿ. ಚಿಪ್ಸು, ಬಜ್ಜಿ ತಿಂದ ಜಿಡ್ಡು ಕೈಯಲ್ಲಿ ಎದ್ದು ಹೋಗಿ ಚೆಂಡು ಹಿಡಿಯಬೇಡಿ. ಜಾರುತ್ತದೆ ಎಂದು ಹೆಚ್ಚು ಹಿಸುಕುತ್ತೀರಿ, ಮುಂದಿನದನ್ನು ಹೇಳಿದ್ದೇನೆ. ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬೆರಳು ಬರುತ್ತಿಲ್ಲ ಎಂದು ತೂತಿಗೆ ಕೊಬ್ಬರಿ ಎಣ್ಣೆ ಸವರಿದ ಒಬ್ಬರನ್ನು ಬಲ್ಲೆ. ಚೆಂಡು ಹಿಂದಕ್ಕೆ ತೂಗುವಾಗಲೇ ಕೈಬಿಟ್ಟು ಅವರ ಮೈದುನನ ಕಾಲ ಬಳಿ ಬಿತ್ತು. ಈಗಲೂ ಆ ಎರಡು ಮನೆಯವರ ನಡುವೆ ಅಷ್ಟಕ್ಕಷ್ಟೆ.

ಸ್ವಂತ ಚೆಂಡಿದ್ದವರೂ ಒಂದು ಸಲ ಕೊರೆಸಿದ್ದಾಯಿತು ಎಂದು ಮರೆತುಬಿಡಬೇಡಿ. ಚೆಂಡು ಹಾಗೆಯೇ ಇರುತ್ತದೆ, ಕೈ ಹಾಗೆಯೇ ಇರುವುದಿಲ್ಲ. ಸೆಕೆಗೆ ಬೆರಳು ಉಬ್ಬುತ್ತದೆ, ಚಳಿಗೆ ಸೊರಗುತ್ತದೆ. ರಾತ್ರಿ ಉಪ್ಪಿನಕಾಯಿ ಹಪ್ಪಳ ಹೊಡೆದಿದ್ದರೆ ಬೆಳಗ್ಗೆ ಉಂಗುರವೇ ತಿರುಗುವುದಿಲ್ಲ. ಒಂದು ಆಟ ಮುಗಿಯುವಷ್ಟರಲ್ಲೇ ಹೆಬ್ಬೆರಳು ಬೇರೆಯಾಗಿರುತ್ತದೆ. ಅದಕ್ಕೇ ತಿಳಿದವರು ಹೆಬ್ಬೆರಳು ದಪ್ಪವಾಗಿರುವ ಹೊತ್ತಿನ ಅಳತೆಗೆ ತೂತು ಮಾಡಿಸಿ, ಸಣ್ಣಗಾದಾಗ ಒಳಗೋಡೆಗೆ ಟೇಪಿನ ತುಂಡು ಅಂಟಿಸುತ್ತಾರೆ. ಉಬ್ಬಿದರೆ ಒಂದು ತುಂಡು ಕಿತ್ತರಾಯಿತು. ಇದಕ್ಕೆಂದೇ ಕತ್ತರಿಸಿಟ್ಟ ಟೇಪು ಸಿಗುತ್ತದೆ, ಎಲ್ಲಿ ಅಂಟಿಸಬೇಕೆಂದು ಕೊರೆದವರೇ ತೋರಿಸಿಕೊಡುತ್ತಾರೆ. ತೂಕ ಹತ್ತು ಕಿಲೋ ಏರಿದೆಯೇ, ಇಳಿದಿದೆಯೇ, ಸಂಧಿವಾತ ಶುರುವಾಗಿದೆಯೇ, ಬಸುರಿಯಾಗಿದ್ದಿರೇ, ಮತ್ತೊಮ್ಮೆ ಕೈ ತೋರಿಸಿ. ಚೆಂಡನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮಲಗಬೇಡಿ. ಇಲ್ಲಿನ ಜನವರಿಯ ಚಳಿಗೂ ಜುಲೈನ ಬಿಸಿಲಿಗೂ ಅದು ಬಿರುಕು ಬಿಡುತ್ತದೆ, ಬಿರುಕು ಬಿಡುವುದು ಹೆಚ್ಚಾಗಿ ತೂತಿನ ಸುತ್ತಲೇ. ಆ ಬಿರುಕಿನ ಅಂಚು ಬ್ಲೇಡು.

ಮಕ್ಕಳ ವಿಷಯಕ್ಕೆ ಬಂದರೆ ನಮ್ಮವರ ಒಂದು ಹಳೆಯ ಬುದ್ಧಿ ಅಡ್ಡ ಬರುತ್ತದೆ. ಬೆಳೆಯುವ ಹುಡುಗ, ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡ ಯೂನಿಫಾರಂ ಹೊಲಿಸುತ್ತಿದ್ದೆವಲ್ಲ, ಚೆಂಡಿಗೂ ಅದನ್ನೇ ಮಾಡುತ್ತೀರಿ. ಅಂಗಿ ದೊಡ್ಡದಾದರೆ ಹುಡುಗ ಕೋಡಂಗಿಯ ಹಾಗೆ ಕಾಣುತ್ತಾನೆ ಅಷ್ಟೆ, ಪೆಟ್ಟಾಗುವುದಿಲ್ಲ. ದೊಡ್ಡ ತೂತಿನ ಚೆಂಡು ಕೊಟ್ಟರೆ ಹಿಸುಕುವುದನ್ನು ಕಲಿಯುತ್ತಾನೆ, ಆ ಚಾಳಿ ಚೆಂಡು ಬದಲಾದರೂ ಹೋಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ದುಬಾರಿ ಚೆಂಡು ಬೇಡ, ಸಾಮಾನ್ಯ ಪ್ಲಾಸ್ಟಿಕ್ ಚೆಂಡು ಕೊಡಿಸಿ, ಹಣವನ್ನು ಆರು ತಿಂಗಳಿಗೊಮ್ಮೆ ತೂತು ಸರಿಮಾಡಿಸಲು ಉಳಿಸಿ. ಹಳೆಯ ತೂತನ್ನು ತುಂಬಿಸಿ ಅದೇ ಚೆಂಡಿಗೆ ಹೊಸದಾಗಿ ಕೊರೆಯಬಹುದು. ಹಳೆ ಸಾಮಾನಿನವರಿಂದ ತಂದದ್ದಕ್ಕೂ ಇದೇ ಮಾತು. ತರಬೇಡಿ ಅನ್ನುವುದಿಲ್ಲ, ತಂದಮೇಲೆ ತುಂಬಿಸಿ ನಿಮ್ಮ ಕೈಗೆ ಕೊರೆಸಿ.

ಮನೆಯಲ್ಲೇ ರಿಪೇರಿಗೆ ಇಳಿಯುವ ಶೂರರೇ, ಚಾಕು ಕೆಳಗಿಡಿ. ತೂತಿನ ಅಂಚನ್ನು ಕೆತ್ತಿ ನೀವು ಅದನ್ನು ಇನ್ನಷ್ಟು ಹಾಳುಮಾಡುತ್ತೀರಿ. ಒಡೆದ ಬೊಬ್ಬೆಗೆ ಫೆವಿಕ್ವಿಕ್ ಹಚ್ಚಿಕೊಂಡು ಆಡುವ ಬುದ್ಧಿವಂತಿಕೆಯೂ ಬೇಡ. ನೋವಿನ ಮಾತ್ರೆ ನುಂಗಿ ಆಡುವುದಂತೂ ಹೊಗೆ ಕಾಣಿಸದಿರಲೆಂದು ಕಿಟಕಿ ಮುಚ್ಚಿದ ಹಾಗೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬರುವವರನ್ನು ಕಂಡಾಗಲಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬುದೇ ನೆನಪಾಗುತ್ತದೆ. ತಪ್ಪಿರುವುದು ಚೆಂಡಿನಲ್ಲಿ, ಶಿಕ್ಷೆ ಮಣಿಕಟ್ಟಿಗೆ.

ಈಚೆಗೆ ಹುಡುಗರು ಇನ್ನೊಂದು ಉಪಾಯ ಕಲಿತಿದ್ದಾರೆ, ಹೆಬ್ಬೆರಳನ್ನು ಹಾಕುವುದೇ ಇಲ್ಲ ಆಂಟಿ, ಎರಡು ಕೈಯಲ್ಲಿ ಎಸೆಯುತ್ತೇವೆ ಎಂದು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟಿ ಹಾಗೆ ಎಸೆದೇ ಜಗತ್ತಿನ ದೊಡ್ಡ ಆಟಗಾರರಾದವರು, ನಿಜ. ಆದರೆ ಅವರ ಅಪ್ಪ ಅಮ್ಮನದೇ ಬೌಲಿಂಗ್ ಅಂಗಳ ಇತ್ತು, ನಡೆಯಲು ಕಲಿಯುವ ವಯಸ್ಸಿನಲ್ಲಿ ಚೆಂಡು ಎತ್ತಲಾರದೆ ಎರಡು ಕೈಯಲ್ಲಿ ನೂಕಲು ಶುರುಮಾಡಿದವರು. ನೀವು ನಲವತ್ತಕ್ಕೆ ಶುರುಮಾಡಿ ಸೊಂಟ ತಿರುಚಿಕೊಂಡು ಕೂತರೆ ನಿಮ್ಮ ಮನೆಯವರು ನನ್ನನ್ನು ಬೈಯುತ್ತಾರೆ. ಬೇಕಾದರೆ ಬಲ್ಲವರಿಂದ ಕ್ರಮವಾಗಿ ಕಲಿಯಿರಿ, ಹೆಬ್ಬೆರಳ ನೋವಿನಿಂದ ಓಡಿಹೋಗಲು ಮಾತ್ರ ಅದನ್ನು ಹಿಡಿಯಬೇಡಿ.

ನೋವು ಶುರುವಾದ ದಿನವೇ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ ಇಡಿ. ಬೊಬ್ಬೆ ಒಡೆಯಬೇಡಿ, ತಾನಾಗಿ ಒಡೆದರೆ ಶುಚಿಮಾಡಿ ಮುಚ್ಚಿ. ಒಂದೆರಡು ವಾರ ಬಿಟ್ಟರೆ ಸಾಮಾನ್ಯ ನೋವು ಇಳಿಯುತ್ತದೆ. ಆದರೆ ಜೋಮು ಹೋಗದೆ ಉಳಿದರೆ, ಬುಡದಲ್ಲಿ ಗಂಟು ಸಿಕ್ಕರೆ, ಮಡಿಸಿದ ಬೆರಳು ಟಕ್ಕೆಂದು ಸಿಕ್ಕಿಕೊಂಡು ಬಿಡಿಸಲು ಇನ್ನೊಂದು ಕೈ ಬೇಕಾದರೆ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ಪಾತ್ರೆ ಎತ್ತುವಾಗ ಸೆಳೆದರೆ, ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಚಿಕ್ಕ ಗಾಯಕ್ಕೂ ತೋರಿಸಿ. ಅವರಿಗೆ ಬೆರಳು ಸಿಕ್ಕಿಕೊಳ್ಳುವ ತೊಂದರೆಯೂ ಹೆಚ್ಚು, ಗಾಯ ಮಾಯುವುದೂ ನಿಧಾನ. ಡಾಕ್ಟರಿಗೆ ಬೌಲಿಂಗ್ ಆಡುತ್ತೇನೆ ಎಂದು ನೀವಾಗಿಯೇ ಹೇಳಿ. ನನ್ನ ಪುಣ್ಯಕ್ಕೆ ಅವರು ಕೇಳಿದರು, ಎಲ್ಲರೂ ಕೇಳುತ್ತಾರೆಂದಿಲ್ಲ.

ಕೊರೆಯುವವರ ಹತ್ತಿರ ಹೋದಾಗ ನಿಮಗೊಂದು ಬುದ್ಧಿಮಾತು. ನಮಗೆ ಅಡ್ಜಸ್ಟ್ ಮಾಡಿಕೊಳ್ಳುವುದು ರಕ್ತದಲ್ಲೇ ಇದೆ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು, ಮದುವೆ ಮನೆ ಚಾಪೆಗೆ ಐದನೆಯವರು. ಕೊರೆದವರು "ಹೇಗಿದೆ?" ಎಂದು ಕೇಳುತ್ತಾರೆ, ಚೂರು ಒತ್ತುತ್ತಿದ್ದರೂ ನೀವು "ಪರವಾಗಿಲ್ಲ" ಅನ್ನುತ್ತೀರಿ, ಪಾಪ ಅವರಿಗೆ ಯಾಕೆ ತೊಂದರೆ ಎಂದು. ಹಾಗೆ ಅನ್ನಬೇಡಿ. ಒತ್ತುತ್ತಿದೆ ಎಂದರೆ ಅವರು ಎರಡು ನಿಮಿಷ ಉಜ್ಜಿ ಸರಿಮಾಡಿಕೊಡುತ್ತಾರೆ. ಒಂದೇ ಭೇಟಿಗೆ ಸರಿಯಾಗುವುದೂ ಅಪರೂಪ. ಆಡಿ ನೋಡಿ ಎರಡು ಮೂರು ಸಲ ಮತ್ತೆ ಹೋಗಬೇಕು, ಒಳ್ಳೆಯ ಕಸುಬುದಾರರು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಬೇರೆಯವರನ್ನು ಹುಡುಕಿ. ನೋವಿನಿಂದ ಊದಿದ ಕೈಯಲ್ಲಿ ಅಳತೆ ಕೊಡಬೇಡಿ, ನೋವು ಇಳಿದ ಮೇಲೆ ಹೋಗಿ. ಅಳತೆ ಬರೆದ ಚೀಟಿಯ ಫೋಟೋ ಇಟ್ಟುಕೊಳ್ಳಿ, ಊರು ಬದಲಾದರೆ ಬೇಕಾಗುತ್ತದೆ.

ನನ್ನ ಆ ಐದು ಡಾಲರಿನ ಚೆಂಡು ಈಗ ಹಿತ್ತಲಲ್ಲಿ ತುಳಸಿ ಕುಂಡ ಗಾಳಿಗೆ ಉರುಳದಂತೆ ಒತ್ತುಗೊಟ್ಟು ನಿಂತಿದೆ, ಅದಕ್ಕೆ ಒಪ್ಪುವ ಕೆಲಸ. ನಿಮ್ಮದನ್ನು ಈವತ್ತೇ ಬ್ಯಾಗಿನಿಂದ ತೆಗೆದು ಹೆಬ್ಬೆರಳಿನ ತೂತಿನ ಅಂಚಿನ ಸುತ್ತ ಎಡಗೈ ಬೆರಳು ಆಡಿಸಿ ನೋಡಿ. ಚುಚ್ಚಿದ ಹಾಗೆ ಆದರೆ ಈ ಗುರುವಾರ ಆಡಬೇಡಿ, ಅರ್ಧ ಗಂಟೆ ಮುಂಚೆ ಬಂದು ಅಂಗಡಿಗೆ ಹೋಗಿ. ಗೊತ್ತಾಗದಿದ್ದರೆ ನಾನೂ ಜೊತೆಗೆ ಬರುತ್ತೇನೆ.